ಸೀಸದ ಏಪ್ರನ್, ಕಾಲರ್, ಗ್ಲೌಸ್: ಮೈಸೂರಿನ ಪಶು ಕ್ಲಿನಿಕ್‌ನಲ್ಲಿ ಐದು ವರ್ಷದ ಬಳಕೆ

ಏಪ್ರನ್‌ಗೆ ನಾಲ್ಕು ಸ್ಟಾರ್, ಕುತ್ತಿಗೆಗೆ ಕಟ್ಟುವ ಥೈರಾಯ್ಡ್ ಕಾಲರ್‌ಗೂ ನಾಲ್ಕು, ಗ್ಲೌಸ್‌ಗೆ ಎರಡೇ. ಎಕ್ಸ್‌ರೇ ಕಿರಣ ತಡೆಯುವುದರಲ್ಲಿ ಮೂರೂ 0.5 ಮಿಮೀ ಸೀಸಕ್ಕೆ ಸಮ. ಕ್ಲಿನಿಕ್‌ನಲ್ಲಿ ನಾಯಿ, ಬೆಕ್ಕುಗಳ ಎಕ್ಸ್‌ರೇ. ಮಂಡ್ಯ ಕಡೆ ಹಳ್ಳಿಗಳಲ್ಲಿ ಪೋರ್ಟಬಲ್ ಯಂತ್ರ ಹೊತ್ತು ದನಗಳ ಕಾಲು, ಗೊರಸು.

ಏಪ್ರನ್ ತೂಕ ಸುಮಾರು ಆರು ಕೆಜಿ. ಇಡೀ ಭಾರ ಹೆಗಲ ಮೇಲೇ ಕೂರುತ್ತದೆ, ಸೊಂಟಕ್ಕೆ ಬೆಲ್ಟ್ ಬಿಗಿದರೆ ತಡೆಯಬಹುದು. ಮೊದಲು ಕೈಕೊಟ್ಟದ್ದು ವೆಲ್ಕ್ರೋ: ಕೊಕ್ಕೆಗಳ ನಡುವೆ ನಾಯಿಕೂದಲು ಸಿಕ್ಕಿ ಗಟ್ಟಿಯಾಗಿ, ಮುಟ್ಟಿದರೆ ಸಾಕು ಬಿಚ್ಚಿಕೊಳ್ಳುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ವಾರಕ್ಕೊಮ್ಮೆ ಕೆದಕಿ ತೆಗೆದರೆ ಮತ್ತೆ ಹಿಡಿಯುತ್ತದೆ. ಮಡಚಬಾರದು, ಕುರ್ಚಿ ಬೆನ್ನಿಗೆ ಎಸೆಯಬಾರದು. ದಪ್ಪ ಹ್ಯಾಂಗರ್‌ಗೇ ತೂಗುಹಾಕಬೇಕು. ಮಳೆಗಾಲದಲ್ಲಿ ಒಳಬಟ್ಟೆ ಮುಗ್ಗಲು ಹಿಡಿಯುತ್ತದೆ. ಒದ್ದೆ ಬಟ್ಟೆ, ಸೋಪಿನ ನೀರಲ್ಲಿ ಒರೆಸಿ ಫ್ಯಾನ್ ಕೆಳಗೆ ಆರಿಸಿ. ಬಿಸಿಲು, ಬ್ಲೀಚು ಎರಡೂ ಬೇಡ.

ಗ್ಲೌಸ್ ವಿಷಯ ಬೇರೆ. ಹೆಬ್ಬೆರಳ ಬುಡದಲ್ಲಿ ದಿನವೂ ಮಡಚಿ ಮಡಚಿ ಎರಡನೇ ವರ್ಷಕ್ಕೇ ಒಳಪದರ ಬಿರಿಯಿತು, ಹೊರಗಿನ ಚರ್ಮ ಮಾತ್ರ ಹೊಸದರ ಹಾಗೇ ಇತ್ತು. ಕಣ್ಣಿಗೆ ಕಾಣದ ಬಿರುಕು ಎಕ್ಸ್‌ರೇಯಲ್ಲಿ ಕಾಣುತ್ತದೆ. ಚಿತ್ರ ಮೂಡುವ ಪ್ಲೇಟ್ ಮೇಲೆ ಗ್ಲೌಸ್ ಹರಡಿ, ಎಲ್ಲರೂ ಹೊರಗೆ ನಿಂತು, 70 ಕೆವಿ (ಕಿಲೋವೋಲ್ಟ್) ಆಸುಪಾಸು ಒಂದು ಎಕ್ಸ್‌ಪೋಷರ್ ಕೊಡಿ. ಬೆಳ್ಳಗಿನ ಆಕಾರದ ನಡುವೆ ಕಪ್ಪು ಗೆರೆ ಬಂದರೆ ಅದು ಸೀಳು. ಏಪ್ರನ್ನನ್ನೂ ಹೀಗೇ ಭಾಗ ಭಾಗವಾಗಿ ವರ್ಷಕ್ಕೊಮ್ಮೆ ನೋಡಬೇಕು.

ಇನ್ನೂ ದೊಡ್ಡ ತೊಂದರೆ, ಗ್ಲೌಸ್ ಕೊಡುವ ಹುಸಿ ಧೈರ್ಯ. ಇವೆಲ್ಲ ಪ್ರಾಣಿಯ ಮೈಗೆ ತಾಕಿ ಚದುರುವ ಕಿರಣಕ್ಕೆ ಮಾತ್ರ, ನೇರ ಕಿರಣಕ್ಕಲ್ಲ. ಚಿತ್ರದಲ್ಲಿ ಗ್ಲೌಸಿನ ಬೆರಳು ಕಂಡರೆ ಕೈ ನೇರ ಕಿರಣದಲ್ಲಿತ್ತು ಎಂದೇ ಅರ್ಥ, ಆ ಎಕ್ಸ್‌ರೇ ತೆಗೆದ ರೀತಿಯೇ ತಪ್ಪು. ಕಿರಣ ಬೀಳುವ ಜಾಗವನ್ನು ತೋರಿಸಿ ಮಿತಿಗೊಳಿಸುವ ಕೊಲಿಮೇಟರ್‌ನ ಬೆಳಕನ್ನು ಬೇಕಾದಷ್ಟಕ್ಕೇ ಕಿರಿದು ಮಾಡಿದರೆ ಚಿತ್ರವೂ ಸ್ಪಷ್ಟ, ಚದುರುವುದೂ ಕಡಿಮೆ.

ನಿಜಕ್ಕೂ ಐದು ಸ್ಟಾರ್ ಕೊಡಬೇಕಾದ್ದು ಈ ಸೆಟ್ಟಿನಲ್ಲಿ ಇಲ್ಲವೇ ಇಲ್ಲದ, ಪ್ರಾಣಿ ಅಲುಗದಂತೆ ಮೇಲಿಡುವ ಮರಳು ಚೀಲಕ್ಕೆ! ಬೈಕ್ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿಯಲ್ಲಿ ಉದ್ದನೆಯ ಚೀಲ ಹೊಲಿಸಿ, ತೊಳೆದು ಒಣಗಿಸಿದ ಮರಳನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಪೂರ್ತಿ ತುಂಬಿದರೆ ಕೊರಡಿನಂತಾಗಿ ಕಾಲಿನ ಮೇಲೆ ಬಾಗಿ ಕೂರುವುದಿಲ್ಲ. ಮರಳು ಚಿತ್ರದಲ್ಲಿ ಬೆಳ್ಳಗೆ ಮೂಡುವುದರಿಂದ ಬೇಕಾದ ಭಾಗದಿಂದ ದೂರ ಇಡಿ, ಎದೆ ಕುತ್ತಿಗೆ ಮೇಲೆ ಭಾರ ಹೇರಬೇಡಿ. ಮಂಪರು ಬರಿಸುವ ಔಷಧಿ ಕೊಡಲು ಅಡ್ಡಿಯಿಲ್ಲದ ನಾಯಿಗೆ ಅದನ್ನು ಕೊಟ್ಟು, ಚೀಲ ಎರಡಿದ್ದರೆ ಹಿಡಿಯುವವರೇ ಬೇಡ; ಆದರೆ ಉಸಿರಾಟ ನೋಡಿಕೊಳ್ಳಲು ಒಬ್ಬರು ಬಾಗಿಲ ಬಳಿ ಇರಲೇಬೇಕು. ಕಿರಣ ಚದುರಿಸುವ ಪ್ರಾಣಿಯಿಂದ ದೂರ 1 ಮೀಟರ್‌ನಿಂದ 2 ಮೀಟರ್ ಆದರೆ ಮೈಮೇಲೆ ಬೀಳುವ ವಿಕಿರಣದ ಪ್ರಮಾಣ, ಅಂದರೆ ಡೋಸ್, ಕಾಲು ಭಾಗ.

ಕೊಟ್ಟಿಗೆಯಲ್ಲಿ ಕಷ್ಟ ಜಾಸ್ತಿ. ಕಿರಣ ಅಡ್ಡಡ್ಡ ಹೋಗುವುದರಿಂದ ಪ್ಲೇಟಿನ ಆಚೆ ಯಾರಿದ್ದಾರೆ ಎಂದು ಗೋಡೆಯ ಹಿಂದೆ ಹೋಗಿಯೇ ನೋಡಬೇಕು. ಪ್ಲೇಟಿಗೆ ಒಂದು ಮೀಟರ್ ಉದ್ದದ ಹಿಡಿ ಕಟ್ಟಿ. ಮೂಗುದಾರ ಹಿಡಿಯಲು ಒಬ್ಬರು ಸಾಕು, ಅವರಿಗೂ ಏಪ್ರನ್. ಬಸುರಿಯರು, ನೋಡಲು ಸೇರುವ ಮಕ್ಕಳು ಅಂಗಳದಾಚೆ.

ಧರಿಸಿದವರಿಗೆ ಬಿದ್ದ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಏಪ್ರನ್ ಒಳಗೆ, ಎದೆಯ ಮಟ್ಟದಲ್ಲಿ. ಏಪ್ರನ್ನಿಗೇ ಚುಚ್ಚಿ ಎಕ್ಸ್‌ರೇ ಕೋಣೆಯಲ್ಲೇ ಬಿಟ್ಟು ಹೋದರೆ ಯಾರೂ ಪಡೆಯದ ಡೋಸ್ ವರದಿಯಲ್ಲಿ ಬರುತ್ತದೆ. ಯಾರೂ ಧರಿಸದೆ ಹೋಲಿಕೆಗೆಂದು ಇಡುವ ಕಂಟ್ರೋಲ್ ಬ್ಯಾಡ್ಜ್ ಕೋಣೆಯಿಂದ ದೂರವಿರಲಿ. ನಮ್ಮ ದೇಶದಲ್ಲಿ ವಿಕಿರಣ ಕೆಲಸಗಾರರಿಗೆ ಮಿತಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು.

ಮತ್ತೆ ಕೊಳ್ಳುವುದಾದರೆ ಭಾರ ಸೊಂಟಕ್ಕೂ ಹಂಚುವ, ಮೇಲಂಗಿ ಲಂಗದಂತೆ ಎರಡು ತುಂಡಿನ ಏಪ್ರನ್ನೇ ಸರಿ. ಹಳೆಯದನ್ನು ಗುಜರಿಗೆ ಹಾಕಬೇಡಿ, ಒಳಗಿರುವುದು ಸೀಸ. ಮಾರಿದವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೊಳ್ಳುವಾಗಲೇ ಕೇಳಿ.