ಎರಡು ಲೀಟರಿನ ಯೂರಿನ್ ಬ್ಯಾಗ್: ನಲ್ಲಿ ಚೆನ್ನ, ಪೈಪು ಅಷ್ಟಕ್ಕಷ್ಟೆ

ಯೂರಿನ್ ಬ್ಯಾಗ್ ಕೊಳ್ಳುವವರು ಚೀಲದ ದಪ್ಪ ಹಿಚುಕಿ ನೋಡುತ್ತಾರೆ. ನೋಡಬೇಕಾದ್ದು ತಳದ ನಲ್ಲಿಯನ್ನು. ಈ ಬ್ಯಾಗಿನದು ಅಡ್ಡಕ್ಕೆ ತಳ್ಳುವ ಟಿ ಆಕಾರದ ನಲ್ಲಿ. ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ ತೆರೆಯುತ್ತದೆ, ಇನ್ನೊಂದು ಕೈ ಜಗ್ ಹಿಡಿಯಬಹುದು. ಕೆಳಕ್ಕೆಳೆದು ತೆರೆಯುವ ಅಗ್ಗದ ನಮೂನೆಯಲ್ಲಿ ಬೆರಳಿಗೆ ಮೂತ್ರ ತಾಗದಿರುವುದೇ ಅಪರೂಪ. ಅರ್ಧ ಮುಚ್ಚಿದ್ದರೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಇದು ಪೂರ್ತಿ ಮುಚ್ಚಿದಾಗ ಟಕ್ಕನೆ ಕೂರುತ್ತದೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಖಾಲಿ ಮಾಡುವಾಗ ನಲ್ಲಿಯ ತುದಿ ಜಗ್ಗಿಗೆ ತಾಗಬಾರದು.

ಮೂತ್ರ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವೂ ಇದೆ. ಬಳಸದ ಒಂದು ಬ್ಯಾಗಿಗೆ ಇನ್ನೂರು ಎಂಎಲ್ ನೀರು ಬಿಟ್ಟು ತಲೆಕೆಳಗು ಮಾಡಿದರೆ ಹನಿಯೂ ಮರಳುವುದಿಲ್ಲ. ಹಾಗೆಂದು ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ಸ್ಟ್ರೆಚರ್ ತಳ್ಳಬೇಡಿ. ವಾಲ್ವ್ ಇರುವುದು ಚೀಲದ ಬಾಯಲ್ಲಿ. ಪೈಪಿನಲ್ಲಿ ನಿಂತ ಮೂತ್ರವನ್ನು ಅದು ತಡೆಯಲಾರದು, ಆ ಮೂತ್ರ ನೇರ ಮೂತ್ರಕೋಶಕ್ಕೇ ವಾಪಸು.

ದೂರು ಪೈಪಿನದು. ತೀರಾ ಮೆದು. ರೋಗಿ ಮಗ್ಗುಲಾದರೆ ತೊಡೆಯಡಿ ಚಪ್ಪಟೆಯಾಗುತ್ತದೆ. ಉದ್ದ ಹೆಚ್ಚಾಗಿ ಬ್ಯಾಗಿಗಿಂತ ಕೆಳಗೆ ಜೋತುಬಿದ್ದರೆ ಆ ಬಾಗಿನಲ್ಲಿ ಮೂತ್ರ ನಿಂತು ಹರಿವು ಕಟ್ಟುತ್ತದೆ. ಹೆಚ್ಚುವರಿ ಪೈಪನ್ನು ಹಾಸಿಗೆಯ ಮೇಲೆಯೇ ಸುತ್ತಿ ಬಟ್ಟೆಗೆ ಕ್ಲಿಪ್ ಹಾಕಿ. ಮೂತ್ರ ಬರುತ್ತಿಲ್ಲವೆಂದು ತೊಳೆಯಲು ಸಿರಿಂಜು ಹಿಡಿಯುವ ಮೊದಲು ಕ್ಯಾಥೆಟರಿನಿಂದ (ಮೂತ್ರಕೋಶಕ್ಕೆ ಹಾಕಿದ ನಳಿಕೆ) ಚೀಲದವರೆಗೆ ಪೈಪನ್ನು ಬೆರಳಲ್ಲಿ ಸವರಿ ನೋಡಿ. ಎಷ್ಟೋ ಸಲ ಅಲ್ಲೇ ಸಮಸ್ಯೆ ಸಿಗುತ್ತದೆ. ಅಲ್ಲೂ ಸಿಗದಿದ್ದರೆ ಮಲಬದ್ಧತೆ ಇದೆಯೇ ಕೇಳಿ, ಕಟ್ಟಿದ ಮಲ ಒತ್ತಿಯೂ ಹರಿವು ನಿಲ್ಲಬಹುದು.

ಚೀಲದ ಮೇಲಿನ ಅಳತೆಗೆರೆಗಳನ್ನು ಚಾರ್ಟಿಗೆ ಬರೆಯಬೇಡಿ. ಚೀಲ ಉಬ್ಬಿದಂತೆ, ವಾಲಿದಂತೆ ಗೆರೆ ಸುಳ್ಳಾಗುತ್ತದೆ. ಅರವತ್ತು ಕಿಲೋ ತೂಕದ ವಯಸ್ಕರಿಗೆ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಬಂದರೆ ಎಚ್ಚರಿಕೆಯ ಸೂಚನೆ. ನೂರರ ಗೆರೆಗಳ ಚೀಲದಲ್ಲಿ ಆ ಮೂವತ್ತು ಕಾಣುವುದೇ ಇಲ್ಲ. ಗಂಟೆ ಲೆಕ್ಕ ಬೇಕಾದವರಿಗೆ ಯೂರೋಮೀಟರ್ (ಗಂಟೆಗಂಟೆಯ ಮೂತ್ರ ಅಳೆಯುವ ಚಿಕ್ಕ ಡಬ್ಬಿ) ಇರುವ ಬ್ಯಾಗೇ ಆಗಬೇಕು, ಉಳಿದವರಿಗೆ ಜಗ್ಗಿನ ಅಳತೆ.

ಹುಕ್ಕು ಗಟ್ಟಿಯಿದೆ. ಆದರೆ ಮಂಚದ ಪಕ್ಕದ ಏರಿಳಿಸುವ ಕಂಬಿಗೆ ಸಿಕ್ಕಿಸಬೇಡಿ. ಕಂಬಿ ಎತ್ತಿದಾಗ ಬ್ಯಾಗೂ ಮೂತ್ರಕೋಶದ ಮಟ್ಟ ದಾಟುತ್ತದೆ. ಮಂಚದ ಚೌಕಟ್ಟೇ ಸರಿ, ನೆಲಕ್ಕೆ ತಾಗದಂತೆ. ಮೂರನೇ ಎರಡು ಪಾಲು ತುಂಬಿದೊಡನೆ ಖಾಲಿ ಮಾಡಿ. ತುಂಬಿದರೆ ಎರಡು ಕಿಲೋ ಭಾರ, ಅದು ಜಗ್ಗುವುದು ಕ್ಯಾಥೆಟರನ್ನು ಮೂತ್ರಕೋಶದೊಳಗೆ ಹಿಡಿದಿಡುವ ಬಲೂನನ್ನು.

ಹಾಸಿಗೆ ಹಿಡಿದವರಿಗೆ ಇದನ್ನೇ ಕೊಳ್ಳಿ. ಓಡಾಡುವವರಿಗೆ ಹಗಲಲ್ಲಿ ಕಾಲಿಗೆ ಕಟ್ಟುವ ಚಿಕ್ಕ ಬ್ಯಾಗ್ ಸಾಕು. ರಾತ್ರಿ ಅದರ ನಲ್ಲಿಗೇ ಇದನ್ನು ಜೋಡಿಸಬಹುದು, ಕ್ಯಾಥೆಟರ್ ಬಿಚ್ಚುವ ಕೆಲಸವಿಲ್ಲ.