ಆಸಾಕುಸಾನೋ, ಶಿಬಾಮಾತಾನೋ?

ಟೋಕಿಯೊದಲ್ಲಿ ನದಿ ದಡದ ಹಳೇ ಗುಡಿಬೀದಿ ನೋಡಬೇಕು ಅಂದರೆ ಎಲ್ಲರೂ ಹೇಳುವುದು ಆಸಾಕುಸಾ. ನಾನು ಒಂದೇ ದಿನ ಬೆಳಿಗ್ಗೆ ಅಲ್ಲಿಗೂ ಮಧ್ಯಾಹ್ನ ನಗರದ ಪೂರ್ವ ಅಂಚಿನ ಶಿಬಾಮಾತಾಗೂ ಹೋಗಿಬಂದೆ. ನನ್ನ ಓಟು ಶಿಬಾಮಾತಾಗೆ.

ಹಾಗಂತ ಆಸಾಕುಸಾದ ಸೆನ್ಸೋಜಿ ಗುಡಿ ಕಡಿಮೆಯದೇನಲ್ಲ. 628ರಲ್ಲಿ ಸುಮಿದಾ ನದಿಗೆ ಬಲೆ ಬೀಸಿದ ಅಣ್ಣತಮ್ಮಂದಿರಿಗೆ ಬೌದ್ಧರ ಕರುಣೆಯ ದೇವತೆ ಕನ್ನೋನ್ ವಿಗ್ರಹ ಸಿಕ್ಕಿತು ಅನ್ನುವುದು ಅದರ ಕಥೆ. ಹಳೇ ಗುಡಿ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು, ಈಗಿರುವುದು 1958ರಲ್ಲಿ ಕಾಂಕ್ರೀಟಿನಲ್ಲಿ ಎದ್ದದ್ದು. ಏಳು ಗಂಟೆಗೆ ಅಂಗಡಿಗಳ ಶಟರ್ ಇನ್ನೂ ತೆಗೆದಿರಲಿಲ್ಲ. ಹತ್ತಕ್ಕೆ ಕಾಲಿಡಲು ಜಾಗವಿಲ್ಲ! 100 ಯೆನ್ ಹಾಕಿ ಶಕುನದ ಚೀಟಿ ಎತ್ತಿದೆ, ಕೆಟ್ಟದ್ದೇ ಬಂತು. ಇಲ್ಲಿ ಕೆಟ್ಟ ಚೀಟಿ ಜಾಸ್ತಿಯಂತೆ. ಕೆಟ್ಟದ್ದು ಅಲ್ಲೇ ಉಳಿಯಲಿ ಅಂತ ಚೀಟಿಯನ್ನು ತಂತಿಗೆ ಕಟ್ಟಿ ಬಂದೆ. ಇನ್ನು ನದಿ ದಡಕ್ಕೆ ಹೋದರೆ ನೀರು ನೋಡುವವರೇ ಇಲ್ಲ. ಎಲ್ಲರ ಕಣ್ಣೂ ಆಚೆ ದಡದ 634 ಮೀಟರ್ ಸ್ಕೈಟ್ರೀ ಗೋಪುರದ ಮೇಲೆ.

ಶಿಬಾಮಾತಾಗೆ ತಕಾಸಾಗೋದಲ್ಲಿ ರೈಲು ಬದಲಿಸಿದರೆ ಒಂದೇ ಸ್ಟಾಪ್. ನಿಲ್ದಾಣದ ಮುಂದೆ ತೋರಾ-ಸಾನ್ ಪ್ರತಿಮೆ ಇದೆ. 1969ರಲ್ಲಿ ಶುರುವಾದ ಸಿನಿಮಾ ಸರಣಿಯ ಅಲೆಮಾರಿ ನಾಯಕ, ಕಥೆಯಲ್ಲಿ ಇದೇ ಊರಿನವನು. ಗುಡಿಬೀದಿ ಸುಮಾರು 200 ಮೀಟರ್, ಅಷ್ಟೇ. ಹಾವುಮೀನು ಸುಡುವ ಹೊಗೆ ದಾಟಿ ಕುಸಾ ದಾಂಗೊ ತಿಂದೆ. ಅಕ್ಕಿಹಿಟ್ಟಿಗೆ ಯೊಮೊಗಿ ಸೊಪ್ಪು ಸೇರಿಸಿದ ಹಸಿರು ಉಂಡೆ, ಜೊತೆಗೆ ಅಝುಕಿ ಕಾಳಿನ ಸಿಹಿ. ಥೇಟ್ ನಮ್ಮ ಹೂರಣ, ಏಲಕ್ಕಿ ಮಾತ್ರ ಇಲ್ಲ.

ಬೀದಿ ಕೊನೆಯಲ್ಲಿ 1629ರಲ್ಲಿ ಶುರುವಾದ ಗುಡಿ. ಇಲ್ಲಿನ ದೇವರು ತೈಶಾಕುತೆನ್ ಯಾರು ಗೊತ್ತಾ? ನಮ್ಮ ಇಂದ್ರ! ನಮ್ಮ ಕಡೆ ಇಂದ್ರನಿಗೆ ಅಂತಲೇ ಕಟ್ಟಿದ ಗುಡಿ ನಾನಂತೂ ನೋಡಿಲ್ಲ. ಇಲ್ಲಿ ಅವನ ಹೆಸರಲ್ಲೇ ಬೀದಿ, ವ್ಯಾಪಾರ ಎಲ್ಲಾ. ಹೊರಗೋಡೆ ತುಂಬ ಬುದ್ಧನ ಉಪದೇಶದ ಕಥೆಗಳ ಮರದ ಕೆತ್ತನೆ. ಅದಕ್ಕೆ ಬೇರೆ ಟಿಕೆಟ್, ತಗೊಳ್ಳಿ. ಬೇಲೂರಿನ ಕಲ್ಲಿನ ಮುಂದೆ ನಿಂತ ಹಾಗೆ ನಾನು ಸುಮ್ನೆ ನಿಂತುಬಿಟ್ಟೆ.

ಗುಡಿ ಹಿಂದೆ ಏರಿ ಹತ್ತಿದರೆ ಎದೊಗಾವಾ ನದಿ. ಇಲ್ಲಿ ಈಗಲೂ ಅಂಬಿಗ ಕೈಯಲ್ಲೇ ಹುಟ್ಟು ಹಾಕಿ ಆಚೆ ದಡದ ಯಾಗಿರಿಗೆ ದಾಟಿಸುತ್ತಾನೆ. ಹವೆ ಕೆಟ್ಟರೆ ದೋಣಿ ಇಲ್ಲ. ನನಗೆ ಸಿಕ್ಕಿತು. ನಡು ನೀರಿನಲ್ಲಿ ಹುಟ್ಟಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಸಾಕುಸಾದಲ್ಲಿ ಸಿಗದೇ ಇದ್ದದ್ದು ಇದೇ.

ಒಂದು ತಪ್ಪು ಮಾಡಿದೆ. ಶಿಬಾಮಾತಾ ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ, ವಾಪಸ್ ಬರುವಾಗ ಇನ್ನೊಂದು ದಾಂಗೊ ಸಿಗಲಿಲ್ಲ. ಸೆನ್ಸೋಜಿಗೆ ರಾತ್ರಿ ದೀಪ ಹಾಕುತ್ತಾರೆ. ನೀವು ಹೋಗುವುದಾದರೆ ಮೊದಲು ಶಿಬಾಮಾತಾ, ಕತ್ತಲಾದ ಮೇಲೆ ಆಸಾಕುಸಾ.