ಗೇರ್‌ಬಾಕ್ಸ್ ಲೈಟು ಹತ್ತಿದಾಗ ಐನೂರು ರೂಪಾಯಿಯ ಒಬಿಡಿ ಸ್ಕ್ಯಾನರ್ ಎಷ್ಟು ಉಪಯೋಗ?

ಘಟ್ಟ ಹತ್ತಿ ಇಳಿಯುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಫೋನಿನಲ್ಲಿ ತೋರಿಸುವ ಈ ಬ್ಲೂಟೂತ್ ಸ್ಕ್ಯಾನರನ್ನು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಗೇರ್‌ಬಾಕ್ಸಿನ ಮಟ್ಟಿಗೆ ಇದು ಅರ್ಧ ಕೆಲಸದ ಸಾಮಾನು. ಆ ಅರ್ಧ ಯಾವುದು ಅಂತ ಗೊತ್ತಿದ್ದರೆ ಮಾತ್ರ ದುಡ್ಡು ಸಾರ್ಥಕ.

ಮೊದಲು ಕೊಳ್ಳುವ ಮಾತು. ಆನ್‌ಲೈನಿನಲ್ಲಿ ಸಿಗುವ ಅಗ್ಗದವೆಲ್ಲ ಕಾರಿನ ಕಂಪ್ಯೂಟರಿನ ಜೊತೆ ಮಾತಾಡುವ ಇಎಲ್‌ಎಂ327 ಚಿಪ್ಪಿನ ನಕಲು. ಆವೃತ್ತಿ '2.1' ಎಂದು ಬರೆದಿರುವ ಹಲವು ನಕಲುಗಳಿಗೆ ಎಷ್ಟೋ ಆಜ್ಞೆಗಳೇ ಅರ್ಥವಾಗುವುದಿಲ್ಲ, '1.5' ಎಂದಿರುವವು ಸಾಮಾನ್ಯವಾಗಿ ವಾಸಿ. ತಮಾಷೆಯೆಂದರೆ ಮೂಲ ಕಂಪನಿ 1.5 ಎಂಬುದನ್ನು ಹೊರತಂದೇ ಇಲ್ಲ. ಐಫೋನ್ ಇದ್ದವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಮಾದರಿಯನ್ನೇ ತೆಗೆದುಕೊಳ್ಳಬೇಕು. ಇದನ್ನು ಚುಚ್ಚುವ ಸಾಕೆಟ್ಟು ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನದು. ಫೋನಿಗೆ ಜೋಡಿಸುವಾಗ ಪಾಸ್‌ವರ್ಡ್ ಕೇಳಿದರೆ 1234 ಅಥವಾ 0000. ದೇವಿಮನೆ, ಅರಬೈಲು, ಅಣಶಿ ಘಟ್ಟಗಳ ಕಡೆ ಸಿಗ್ನಲ್ ನಂಬುವ ಹಾಗಿಲ್ಲ, ಆದ್ದರಿಂದ ಆ್ಯಪನ್ನು ಮನೆಯಲ್ಲೇ ಹಾಕಿ ಒಮ್ಮೆ ಕನೆಕ್ಟ್ ಮಾಡಿ ನೋಡಿಟ್ಟಿರಿ.

ಲೈಟು ಹತ್ತಿದ ಕೂಡಲೇ ಸ್ಕ್ಯಾನರ್ ಹುಡುಕಬೇಡಿ. ಸಮತಟ್ಟಾದ ಜಾಗ ಸಿಕ್ಕಲ್ಲಿ ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿಡಿ. ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್) ಇಲ್ಲವೇ ಸಿವಿಟಿಯಾದರೆ (ಬೆಲ್ಟಿನದು) ಎಂಜಿನ್ ಐಡಲಿಂಗ್‌ನಲ್ಲೇ ಇರಲಿ, ಆಯಿಲ್ ಕೂಲರಿನಲ್ಲಿ ತಿರುಗಿ ತಣಿಯುತ್ತದೆ. ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವುದು) ಮತ್ತು ಡ್ರೈ ಕ್ಲಚ್ಚಿನ ಡಿಸಿಟಿಯಲ್ಲಿ (ಎರಡು ಕ್ಲಚ್ಚಿನದು) ಬಿಸಿಯಾಗುವುದು ಕ್ಲಚ್ ಪ್ಲೇಟು. ಏರಿನಲ್ಲಿ ಲಾರಿಯ ಹಿಂದೆ ಬ್ರೇಕ್ ಬಿಟ್ಟು ಆ್ಯಕ್ಸಲರೇಟರಿನಲ್ಲೇ ಗಾಡಿ ಹಿಡಿದು ನಿಲ್ಲಿಸಿದರೆ ಆಗುವುದೇ ಇದು. ಸುಟ್ಟ ವಾಸನೆ, ಕೆಳಗೆ ಆಯಿಲ್ ಸೋರಿಕೆ, ಗೇರೇ ಬೀಳದಿರುವುದು, ಇವುಗಳಲ್ಲಿ ಒಂದಿದ್ದರೂ ಮುಂದೆ ಓಡಿಸಬೇಡಿ. ಎಳೆಸುವುದಾದರೆ ಫ್ಲಾಟ್‌ಬೆಡ್ಡೇ ಆಗಬೇಕು; ಹಗ್ಗ ಕಟ್ಟಿ ಎಳೆದರೆ ಇದ್ದ ಗೇರ್‌ಬಾಕ್ಸೂ ಹೋದೀತು.

ಈಗ ಸ್ಕ್ಯಾನರ್. ಹೆಚ್ಚಾಗಿ ಕಾಣುವುದು ಪಿ0700 ಎಂಬ ದೋಷದ ಕೋಡು. ಇದನ್ನು ನೋಡಿ ಗೇರ್‌ಬಾಕ್ಸ್ ಇಳಿಸಲು ಹೊರಡುವವರಿದ್ದಾರೆ. ಅದು ಕಾಯಿಲೆಯ ಹೆಸರೇ ಅಲ್ಲ. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಅಲ್ಲಿ ಹೋಗಿ ನೋಡಿ ಎಂದು ಎಂಜಿನ್ ಕಂಪ್ಯೂಟರ್ ಬರೆದಿಟ್ಟ ಚೀಟಿ. ಅಗ್ಗದ ಸ್ಕ್ಯಾನರ್ ಬಹಳಷ್ಟು ಕಾರುಗಳಲ್ಲಿ ಆ ಎರಡನೇ ಕಂಪ್ಯೂಟರಿನ ತನಕ ಹೋಗುವುದೇ ಇಲ್ಲ. ಎರಡು-ಮೂರು ಸಾವಿರದ ಸ್ಕ್ಯಾನರು, ನಿಮ್ಮ ಕಂಪನಿಯ ಪ್ರೊಫೈಲಿರುವ ಆ್ಯಪು ಎರಡೂ ಸೇರಿದರೆ ಕೆಲವೊಮ್ಮೆ ಸಿಗುತ್ತದೆ. ಪಿ0715 ಅಥವಾ ಪಿ0720 ಸಿಕ್ಕರೆ ಸ್ಪೀಡ್ ಸೆನ್ಸರು ಇಲ್ಲವೇ ಅದರ ವೈರು. ಪಿ0218 ಅತಿಬಿಸಿ. ಪಿ0730 ಬಂದರೆ ಗಂಭೀರ: ಹಾಕಿದ ಗೇರಿಗೂ ತಿರುಗುವ ವೇಗಕ್ಕೂ ತಾಳೆಯಿಲ್ಲ, ಮೊದಲು ಆಯಿಲ್ ಮಟ್ಟ ನೋಡಿಸಿ. ಪಿ1ರಿಂದ ಶುರುವಾಗುವವು ಕಂಪನಿಯ ಸ್ವಂತ ಕೋಡುಗಳು, ಗೂಗಲ್‌ನಲ್ಲಿ ಬೇರೆ ಕಾರಿನ ಅರ್ಥ ಓದಿಕೊಂಡು ಗಾಬರಿಯಾಗಬೇಡಿ.

ಈ ಸಾಮಾನಿನ ನಿಜವಾದ ಬೆಲೆ ಇರುವುದು ಬ್ಯಾಟರಿಯ ವೋಲ್ಟೇಜು ತೋರಿಸುವುದರಲ್ಲಿ. ಎಂಜಿನ್ ಆಫ್ ಇದ್ದಾಗ ಸುಮಾರು 12.6, ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಬರಬೇಕು. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಿ. ಎಎಂಟಿಯಲ್ಲಿ ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಎಲ್ಲ ಕರೆಂಟಿನ ಆಕ್ಚುವೇಟರು. ಬ್ಯಾಟರಿ ಬಡವಾದರೆ ಗೇರ್ ಲೈಟು ಹತ್ತುವುದು ಸಹಜ. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ಅರ್ತ್ ವೈರಿನ ಬೋಲ್ಟು ತುಕ್ಕು ಹಿಡಿಯುತ್ತದೆ, ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಕೂರುತ್ತದೆ. ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಇಲಿ ಕಡಿದ ವೈರನ್ನೂ ಮರೆಯದೆ ಹುಡುಕಿ. ನಕಲು ಸ್ಕ್ಯಾನರು ತೋರಿಸುವ ವೋಲ್ಟೇಜು ಸ್ವಲ್ಪ ಆಚೀಚೆ ಇರುತ್ತದೆ, ಮಲ್ಟಿಮೀಟರಿನಲ್ಲಿ ಒಮ್ಮೆ ಹೋಲಿಸಿಕೊಳ್ಳಿ.

ಆ್ಯಪಿನಲ್ಲಿ 'ಕ್ಲಿಯರ್' ಬಟನ್ ಕಣ್ಣಿಗೆ ಹೊಡೆಯುವಂತೆ ಇರುತ್ತದೆ. ಒತ್ತಬೇಡಿ. ಕೋಡು ಬಿದ್ದ ಕ್ಷಣದ ವೇಗ, ಆರ್‌ಪಿಎಂ, ಕೂಲಂಟ್ ತಾಪ ಎಲ್ಲ ಫ್ರೀಜ್ ಫ್ರೇಮಿನಲ್ಲಿರುತ್ತದೆ, ಅದೂ ಅಳಿಸಿಹೋಗುತ್ತದೆ. ಮೆಕ್ಯಾನಿಕ್ಕಿಗೆ ಬೇಕಿದ್ದುದೇ ಅದು. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡಿ.

ಮ್ಯಾನ್ಯುಯಲ್ ಗಾಡಿಯವರಿಗೆ ಈ ಉದ್ದೇಶಕ್ಕೆ ಇದು ಬೇಡ. ಉಳಿದವರು ಅಗ್ಗದ್ದನ್ನು ಕೊಂಡರೂ ಕೆಲಸ ಮುಗಿದ ಕೂಡಲೇ ಕಿತ್ತಿಡಿ: 16ನೇ ಪಿನ್ನಿಗೆ ಚಾವಿ ತೆಗೆದರೂ ಕರೆಂಟ್ ಇರುತ್ತದೆ, ವಾರಗಟ್ಟಲೆ ಅಲ್ಲೇ ಬಿಟ್ಟರೆ ಮೊದಲೇ ಬಡವಾದ ಬ್ಯಾಟರಿ ಪೂರ್ತಿ ಇಳಿದು, ಅದೇ ಲೈಟು ಮತ್ತೆ ಹತ್ತುತ್ತದೆ.